ದುಬಾರಿ ಊಟ: ರುಚಿ ಕೆಡುವುದೆಲ್ಲಿ, ಬಿಲ್ ಉಬ್ಬುವುದೆಲ್ಲಿ

ಬೆಂಗಳೂರಿನ ಎಸಿ ಹೋಟೆಲುಗಳಲ್ಲಿ ಇಬ್ಬರ ರಾತ್ರಿ ಊಟಕ್ಕೆ ಒಂದೂವರೆ, ಎರಡು ಸಾವಿರ ಸಲೀಸಾಗಿ ಆಗುತ್ತದೆ. ಅಷ್ಟು ಕೊಟ್ಟ ಮೇಲೂ ಪನೀರ್ ಬಟರ್ ಮಸಾಲ ಮತ್ತು ಕಡಾಯಿ ಪನೀರ್ ಒಂದೇ ರುಚಿ ಇದ್ದರೆ ಬೇಸರವಾಗದೆ ಇರುತ್ತದೆಯೇ?

ಉತ್ತರ ಭಾರತದ ಅಡುಗೆ ಕೊಡುವ ಹೆಚ್ಚಿನ ಕಡೆ ಈರುಳ್ಳಿ-ಟೊಮೆಟೊದ ಕೆಂಪು ಗ್ರೇವಿ, ಗೋಡಂಬಿ ಮತ್ತು ಕರಬೂಜ ಬೀಜದ ಬಿಳಿ ಗ್ರೇವಿ ಮೊದಲೇ ತಯಾರಿರುತ್ತವೆ. ಅದರಲ್ಲಿ ತಪ್ಪೇನಿಲ್ಲ, ಉದ್ದನೆಯ ಮೆನುವಿನ ಐಟಂಗಳನ್ನು ಕಾಲು ಗಂಟೆಯಲ್ಲಿ ಕೊಡಲು ಬೇರೆ ದಾರಿಯೂ ಇಲ್ಲ. ಕೆಡುವುದು ಆಮೇಲೆ. ಕಡಾಯಿ ಪನೀರಿಗೆ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿಗಳನ್ನು ಹುರಿದು ತರಿತರಿಯಾಗಿ ಕುಟ್ಟಿ ಹಾಕಬೇಕು, ದೊಣ್ಣೆಮೆಣಸಿನಕಾಯಿಯನ್ನು ದೊಡ್ಡ ಉರಿಯಲ್ಲಿ ಬಾಡಿಸಬೇಕು. ರಶ್ ಹೆಚ್ಚಾದಾಗ ಈ ಐದು ನಿಮಿಷದ ಕೆಲಸ ಬಿಟ್ಟು, ಕೆಂಪು ಗ್ರೇವಿಗೆ ಒಂದು ಸೌಟು ಬಿಳಿ ಗ್ರೇವಿ, ಮೇಲೊಂದಿಷ್ಟು ಕ್ರೀಮ್ ಹಾಕಿ ಟೇಬಲ್ಲಿಗೆ ಕಳಿಸುತ್ತಾರೆ. ಪನೀರ್ ಕೂಡ ಹಾಗೆಯೇ: ಕರಿದಿಟ್ಟದ್ದು ಅಥವಾ ಗ್ರೇವಿಯಲ್ಲಿ ತುಂಬಾ ಹೊತ್ತು ಕುದ್ದದ್ದು ರಬ್ಬರಿನಂತೆ ಜಗಿಯುತ್ತದೆ. ಬಿಸಿ ಉಪ್ಪುನೀರಿನಲ್ಲಿಟ್ಟು ಕೊನೆಯ ಎರಡು ನಿಮಿಷಕ್ಕೆ ಹಾಕಿದರೆ ಮೆತ್ತಗಿರುತ್ತದೆ.

ಆದ್ದರಿಂದ ಇಬ್ಬರೇ ಇದ್ದರೆ ಒಂದೇ ಗ್ರೇವಿಯ ಎರಡು ಐಟಂ ಹೇಳಬೇಡಿ. ಒಂದು ಗ್ರೇವಿ, ಒಂದು ದಾಲ್ ಅಥವಾ ಡ್ರೈ ಪಲ್ಯ ಸಾಕು. ನಾನ್, ರೋಟಿಗಳನ್ನು ಒಮ್ಮೆಗೇ ನಾಲ್ಕು ತರಿಸಬಾರದು. ತಂದೂರಿನಿಂದ ಇಳಿದ ಹತ್ತು ನಿಮಿಷಕ್ಕೆ ಮೈದಾ ನಾರಾಗುತ್ತದೆ, ಎರಡೆರಡೇ ತರಿಸಿ. ಐಟಂ ಚೆನ್ನಾಗಿಲ್ಲದಿದ್ದರೆ ಎರಡು ತುತ್ತಿಗೇ ಆರ್ಡರ್ ತೆಗೆದುಕೊಳ್ಳುವ ಕ್ಯಾಪ್ಟನ್‌ಗೆ ಹೇಳಿ. ಅರ್ಧ ತಿಂದ ಮೇಲೆ ಬದಲಿಸಿಕೊಡಿ ಎಂದರೆ ಯಾರೂ ಒಪ್ಪುವುದಿಲ್ಲ.

ಇನ್ನು ಬಿಲ್. ಪನೀರ್ 380, ದಾಲ್ ಮಖನಿ 320, ನಾಲ್ಕು ಬಟರ್ ನಾನ್ 320, ಜೀರಾ ರೈಸ್ 240, ಎರಡು ಲೈಮ್ ಸೋಡಾ 280, ನೀರಿನ ಬಾಟಲಿ 60 ಎಂದಿಟ್ಟುಕೊಳ್ಳಿ, ಒಟ್ಟು 1,600. ಅದಕ್ಕೆ 10% ಸರ್ವಿಸ್ ಚಾರ್ಜ್ ಸೇರಿದರೆ 1,760. ಜಿಎಸ್‌ಟಿ 5% ಬೀಳುವುದು ಈ 1,760ರ ಮೇಲೆ, ಅಂದರೆ 88 ರೂಪಾಯಿ. ಕೊಡಬೇಕಾದದ್ದು 1,848. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 1,680ಕ್ಕೆ ಮುಗಿಯುತ್ತಿತ್ತು.

ಆ 168 ರೂಪಾಯಿ ನೀವು ಕೊಡಲೇಬೇಕಾದ ಹಣವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಣ ಕೊಡುವ ಮೊದಲೇ ಮ್ಯಾನೇಜರ್ ಬಳಿ ಬಿಲ್ ತಿದ್ದಿಸಿ. ಬಡಿಸಿದವರಿಗೆ ಕೊಡಬೇಕೆನಿಸಿದರೆ ಅವರ ಕೈಗೇ ಕೊಡಿ, ಅದೇ ಸರಿ.

ನೀರಿನ ವಿಷಯದಲ್ಲಿ ಮಾತ್ರ ಜಗಳವಾಡಿ ಪ್ರಯೋಜನವಿಲ್ಲ. ಕುಳಿತು ತಿನ್ನುವ ಹೋಟೆಲಿನಲ್ಲಿ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಬೆಲೆ ಹಾಕಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲೇ ಹೇಳಿದೆ. ಕೂತ ಕೂಡಲೇ ಬಾಟಲಿ ತೆರೆಯಲು ಬಿಡದೆ ಫಿಲ್ಟರ್ ನೀರು ಕೇಳಿ.

ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆಯನ್ನೂ ನೋಡಿ. 15 ಅಕ್ಷರ-ಅಂಕಿಗಳಿರುತ್ತವೆ, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿದಾಗ ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಯೋಜನೆ) ಎಂದು ಬಂದರೆ ಆ ಹೋಟೆಲು ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವ ಹಾಗೇ ಇಲ್ಲ. 18% ಹಾಕಿದ್ದರೆ ಕಾರಣ ಕೇಳಿ: ಆ ದರ ಮುಖ್ಯವಾಗಿ ದಿನಕ್ಕೆ 7,500 ರೂಪಾಯಿಗೂ ಹೆಚ್ಚು ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳದ್ದು. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಊಟದ ಜೊತೆ ಸೇರಿಸಿ ಲೆಕ್ಕ ಹಾಕಿದ್ದಾರೆಯೇ ಗಮನಿಸಿ.

ತಿದ್ದಲು ಒಪ್ಪದಿದ್ದರೆ ಬಿಲ್ಲಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಫೋಟೊದಲ್ಲಿ ಸರ್ವಿಸ್ ಚಾರ್ಜಿನ ಸಾಲು ಕಾಣುವಂತಿರಬೇಕು. ಕಾರ್ಡ್ ಸ್ಲಿಪ್ ಒಂದೇ ಇದ್ದರೆ ಸಾಲದು.