ಮಂಡಿಯವನು ಸಾರುವ ಸುವಾರ್ತೆ

ಸುವಾರ್ತೆ ಸಾರುವುದು ಸಭಾಪಾಲಕರ ಕೆಲಸ, ನಾವು ಭಾನುವಾರ ಆರಾಧನೆಗೆ ಹೋಗಿ ಕಾಣಿಕೆ ಹಾಕಿ ಬಂದರೆ ಸಾಕು ಎಂಬ ಎಣಿಕೆ ಕೋಲಾರದ ನಮ್ಮ ವಿಶ್ವಾಸಿಗಳಲ್ಲಿ ಅನೇಕರಿಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಮತ್ತಾಯನ ಸುವಾರ್ತೆಯ 28ನೆಯ ಅಧ್ಯಾಯದಲ್ಲಿ ಯೇಸು ಸ್ವಾಮಿ ಗಲಿಲಾಯದ ಬೆಟ್ಟದ ಮೇಲೆ, ಎಲ್ಲಾ ದೇಶಗಳ ಜನರನ್ನು ಶಿಷ್ಯರನ್ನಾಗಿ ಮಾಡಿರಿ ಎಂದು ಆಜ್ಞೆ ಕೊಟ್ಟದ್ದು ಸಂಬಳದ ಬೋಧಕರಿಗಲ್ಲ. ಬಲೆ ಬೀಸಿ ಬದುಕಿದವರು, ಸುಂಕ ವಸೂಲಿ ಮಾಡಿದವರು ಆ ಶಿಷ್ಯರಲ್ಲಿದ್ದರು. ಪೌಲನಂತೂ ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆಯುತ್ತಲೇ ಸಾರಿದನು. ಸುವಾರ್ತೆಯಿಂದ ಜೀವನ ಮಾಡುವ ಹಕ್ಕು ಸಾರುವವನಿಗೆ ಉಂಟೆಂದು ತಾನೇ ವಾದಿಸಿ, ಆ ಹಕ್ಕನ್ನು ತಾನೇ ಬಿಟ್ಟುಕೊಟ್ಟು, ಸಾರುವುದು ತನಗೆ ಹೊಗಳಿಕೆಯ ಮಾತಲ್ಲ, ತಪ್ಪಿಸಿಕೊಳ್ಳಲಾಗದ ಹೊಣೆ ಎಂದು ಅದೇ ಊರಿನ ಸಭೆಗೆ ಬರೆದನು.

ನಾನು ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ ಟೊಮೆಟೊ ಮಂಡಿ ನಡೆಸುವವನು. ಕಳೆದ ಸುಗ್ಗಿಯಲ್ಲಿ ಒಂದು ದಿನ ಹರಾಜು ಮುಗಿದು, ಹಮಾಲರು 15 ಕಿಲೋ ಬಾಕ್ಸುಗಳನ್ನು ಲಾರಿಗೆ ಏರಿಸುತ್ತಿದ್ದಾಗ, ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಮೇಜಿನ ಮೇಲಿದ್ದ ಸತ್ಯವೇದವನ್ನು ನೋಡಿ, "ಅಣ್ಣಾ, ನಿಮ್ಮ ಚರ್ಚಿಗೆ ಸೇರಿದ್ರೆ ಎಷ್ಟು ಕೊಡ್ತಾರೆ?" ಎಂದು ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಬದನೆಯ ಧಾರಣೆ ವಿಚಾರಿಸುವಷ್ಟೇ ಸಹಜವಾಗಿತ್ತು. "ಕೊಡೋದೇನೂ ಇಲ್ಲ ಗೌಡ್ರೇ, ವಾರ ವಾರ ನಾವೇ ಕಾಣಿಕೆ ಚೀಲಕ್ಕೆ ಹಾಕಿ ಬರ್ತೀವಿ" ಎಂದೆ. ಅವರು ನಕ್ಕರು, ಆದರೆ ನಂಬಿದಂತೆ ಕಾಣಲಿಲ್ಲ.

ಇಂತಹ ಪ್ರಶ್ನೆಗೆ ಸಿಟ್ಟಾಗುವುದರಿಂದ ಪ್ರಯೋಜನವಿಲ್ಲ. ಕೋಲಾರದಲ್ಲಿ ಮೆಥೋಡಿಸ್ಟ್ ಮಿಷನ್ ಕಟ್ಟಿದ ಇ.ಟಿ.ಸಿ.ಎಂ. ಆಸ್ಪತ್ರೆಯಂತಹ ಸೇವೆಯ ಹಿಂದೆಯೂ ಏನೋ ಲೆಕ್ಕಾಚಾರವಿರಬೇಕೆಂದು ಅನುಮಾನಿಸುವವರಿದ್ದಾರೆ. "ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿರಿ" ಎಂದು ಸ್ವಾಮಿ ಶಿಷ್ಯರಿಗೆ ಹೇಳಿದ್ದು ರೋಗಿಗಳನ್ನು ವಾಸಿಮಾಡಿರಿ ಎಂಬ ಮಾತಿನ ಜೊತೆಯಲ್ಲೇ. ಹಾಗಿರುವಾಗ ಔಷಧಿಯನ್ನಾಗಲಿ ಅಕ್ಕಿಯನ್ನಾಗಲಿ ವಿಶ್ವಾಸಕ್ಕೆ ಬದಲಾಗಿ ಕೊಟ್ಟರೆ ಅದು ವ್ಯಾಪಾರ. ವ್ಯಾಪಾರ ಏನೆಂಬುದು ನನಗೆ ಚೆನ್ನಾಗಿ ಗೊತ್ತು.

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ, ಸ್ಟಾನಿಸ್ಲಾಸ್ ಪ್ರಕರಣದಲ್ಲಿ, ತೀರ್ಪಿತ್ತಿತು. ಆ ತೀರ್ಪನ್ನು ಟೀಕಿಸಿದ ಕಾನೂನು ಪಂಡಿತರಿದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ಆದರೆ ವಿಶ್ವಾಸಿಯಾಗಿ ನನಗೆ ಅದರಿಂದ ಏನೂ ಕಡಿಮೆಯಾಗಿಲ್ಲ. ಮನಸ್ಸನ್ನು ತಿರುಗಿಸುವುದು ಪವಿತ್ರಾತ್ಮನ ಕೆಲಸವೆಂದು ನಂಬುವವನು ಆ ಹಕ್ಕನ್ನು ತನಗೆಂದು ಕೇಳುವುದಾದರೂ ಹೇಗೆ? ಕೇಳಿದವರಿಗೆ ನಮ್ಮ ನಿರೀಕ್ಷೆಗೆ ಆಧಾರವೇನೆಂದು ಸಾತ್ವಿಕತೆಯಿಂದ ಉತ್ತರ ಹೇಳಬೇಕೆಂದು ಪೇತ್ರನು ಬರೆದಿದ್ದಾನೆ. ಕೇಳಿದವರು ಒಪ್ಪಲೇಬೇಕೆಂದು ಬರೆದಿಲ್ಲ.

ನನಗೆ ನಿಜವಾಗಿ ಕಷ್ಟವೆನಿಸುವುದು ಕಾನೂನಲ್ಲ, ಮಂಡಿಯ ಖಾತೆ ಪುಸ್ತಕ. ನಾಟಿಯ ಹೊತ್ತಿಗೆ ನನ್ನಿಂದ ಮುಂಗಡ ಪಡೆದ ರೈತ ನನ್ನ ಮಾತಿಗೆ ತಲೆಯಾಡಿಸಿದರೆ, ಅದು ಸುವಾರ್ತೆಗೋ ಬಾಕಿಗೋ ಎಂದು ನಾನು ಹೇಗೆ ತಿಳಿಯಲಿ? ಕೂಲಿ ಎಣಿಸಿಕೊಳ್ಳಲು ನಿಂತ ಹಮಾಲನಿಗೂ ಬೇಡವೆನ್ನುವ ಸ್ವಾತಂತ್ರ್ಯವಿರುವುದಿಲ್ಲ. ಆದ್ದರಿಂದ ಸರಿಸಮಾನರಾದ ಇತರ ಮಂಡಿಯವರೊಂದಿಗೆ, ಲಾರಿ ಮಾಲೀಕರೊಂದಿಗೆ, ನೆರೆಯವರೊಂದಿಗೆ ಸಂಕೋಚವಿಲ್ಲದೆ ಮಾತನಾಡುತ್ತೇನೆ. ನನ್ನ ಖಾತೆಯಲ್ಲಿ ಹೆಸರಿರುವವರೊಂದಿಗೆ ನಾನಾಗಿ ವಿಷಯ ಎತ್ತುವುದಿಲ್ಲ. ಅವರಾಗಿಯೇ ಕೇಳಿದರೆ ಚಿಕ್ಕದಾಗಿ ಉತ್ತರ ಹೇಳಿ, ಹೆಚ್ಚು ತಿಳಿಯಬೇಕೆಂದರೆ ಅವರೊಡನೆ ಕೊಡು-ಕೊಳ್ಳುವಿಕೆ ಇಲ್ಲದ ಸಭೆಯ ಇನ್ನೊಬ್ಬರನ್ನು ಪರಿಚಯಿಸುತ್ತೇನೆ. ಶ್ರೀನಿವಾಸಪುರದ ಗೌಡರಿಗೂ ಹಾಗೆಯೇ ಮಾಡಿದ್ದೇನೆ.