ಕಾಪು ಲೈಟ್‌ಹೌಸ್ ನೆಟ್ಟಗಾಯಿತು, ಮೂರು ರಾತ್ರಿ ಹೋಯಿತು

1901ರಿಂದ ಅಲ್ಲಾಡದೆ ನಿಂತ ಗೋಪುರ ಅದು. 27 ಮೀಟರ್ ಎತ್ತರ. ನಾನು ತೆಗೆದ ಫೋಟೋದಲ್ಲಿ, ಲ್ಯಾಪ್‌ಟಾಪಿನ ಪರದೆಯ ಮೇಲೆ ಮಾತ್ರ ಎಡಕ್ಕೆ ವಾಲಿತ್ತು. ಚಾ ತಂದಿಟ್ಟ ಅಮ್ಮ ಬಗ್ಗಿ ನೋಡಿ, "ಎಂತ ಮಗಾ, ಇದು ಕುಡ್ದು ನಿಂತ ಹಾಗೆ ಉಂಟಲ್ಲ" ಅಂದರು.

ಸಂಜೆ ಪಡುವಣಕ್ಕೆ ಮುಖ ಮಾಡಿ, ಲೆನ್ಸನ್ನು 18 ಮಿ.ಮೀ.ಗೆ, ಅಂದರೆ ಅಗಲ ನೋಟಕ್ಕೆ, ಇಟ್ಟು ತೆಗೆದದ್ದು. ಲೈಟ್‌ಹೌಸ್ ಚೌಕಟ್ಟಿನ ಬಲಗಡೆ, ಎಡ ಅಂಚಿನಲ್ಲಿ ಒಂದು ತೆಂಗಿನಮರ. ರಾ (RAW) ಫೈಲು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೈಲು. ತಿದ್ದಿದ್ದು ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರಿನಲ್ಲಿ. ಬಣ್ಣ, ಬೆಳಕಿನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು, ಅದರ ಕಥೆ ಬೇಡ.

ಮೊದಲ ರಾತ್ರಿ ದಿಗಂತದ ಮೇಲೆ ಗೆರೆ ಎಳೆದು, ಅದು ಸಮ ಆಗುವ ಹಾಗೆ ಚಿತ್ರ ತಿರುಗಿಸಿದೆ. ಸಮುದ್ರ ಸಮ ಆಯಿತು, ಗೋಪುರ ವಾಲಿಕೊಂಡೇ ಇತ್ತು. ಸರಿ, ಗೋಪುರಕ್ಕೇ ಗೆರೆ ಎಳೆದು ಬಲಕ್ಕೆ ತಿರುಗಿಸಿದೆ. ಗೋಪುರ ನೆಟ್ಟಗೆ ನಿಂತಿತು, ಅರಬ್ಬಿ ಸಮುದ್ರದ ನೀರೆಲ್ಲ ಮಲ್ಪೆ ಕಡೆ ಹರಿಯತೊಡಗಿತು.

ಇನ್ನೊಂದು ತಲೆನೋವು. ದಿಗಂತದ ಎಡ ಅರ್ಧ ಅಳೆದರೆ ಓರೆ 0.7 ಡಿಗ್ರಿ, ಬಲ ಅರ್ಧ ಅಳೆದರೆ 1.9. ಒಂದೇ ಸಮುದ್ರ, ಎರಡು ಲೆಕ್ಕ! ನನ್ನ ಕಣ್ಣನ್ನೇ ಬೈದುಕೊಂಡೆ. ಆಮೇಲೆ 200 ಪರ್ಸೆಂಟ್ ಹಿಗ್ಗಿಸಿ ನೋಡಿದಾಗ ಗೊತ್ತಾಯಿತು: ದಿಗಂತ ಬಟ್ಟೆ ಒಣಗಿಸುವ ಹಗ್ಗದ ಹಾಗೆ ನಡುವೆ ಜೋತು ಬಿದ್ದಿದೆ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನ ಬ್ಯಾರೆಲ್ ಡಿಸ್ಟಾರ್ಶನ್, ಅಂದರೆ ನೇರ ಗೆರೆಯನ್ನು ಹೊರಕ್ಕೆ ಉಬ್ಬಿಸುವ ದೋಷ. ಗೆರೆ ಚೌಕಟ್ಟಿನ ಮಧ್ಯದಿಂದ ಕೆಳಗಿದ್ದರೆ ಅದು ಕೆಳಕ್ಕೇ ಉಬ್ಬುತ್ತದೆ. ಲೆನ್ಸ್ ಕರೆಕ್ಷನ್ ಆನ್ ಮಾಡಿದೆ, ಎರಡೂ ಕಡೆ 1.3 ಬಂತು. ಮೊದಲೇ ಮಾಡಬೇಕಿತ್ತು. ನೀವು ನಗಬಹುದು.

ಈ 1.3 ಬಂದದ್ದು ಎಲ್ಲಿಂದ? ಹಾಟ್‌ಶೂಗೆ, ಅಂದರೆ ಕ್ಯಾಮೆರಾದ ಮೇಲೆ ಫ್ಲ್ಯಾಶ್ ಕೂರಿಸುವ ಜಾಗಕ್ಕೆ, ಸಿಕ್ಕಿಸುವ ಪುಟ್ಟ ರಸಮಟ್ಟವನ್ನು ನಂಬಿದ್ದರಿಂದ. ಆನ್‌ಲೈನ್‌ನಲ್ಲಿ ತರಿಸಿದ್ದು. ಮೇಜಿನ ಮೇಲಿಟ್ಟಾಗ ಗುಳ್ಳೆ ಕಿಟಕಿ ಕಡೆ ನಿಂತಿತು. 180 ಡಿಗ್ರಿ ತಿರುಗಿಸಿಟ್ಟರೆ ಗೋಡೆ ಕಡೆ ಹೋಯಿತು. ಮಟ್ಟ ಸರಿ ಇದ್ದರೆ ಎರಡು ಸಲವೂ ಒಂದೇ ಕಡೆ ನಿಲ್ಲಬೇಕು, ಅಲ್ವಾ? ಮಾರಿದವರಿಗೆ ಬರೆದೆ. "ಬಳಸುವ ರೀತಿ ಸರಿ ಇಲ್ಲ" ಎಂಬ ಉತ್ತರ ಬಂತು. ಗಾರೆ ಕೆಲಸದವರ ಹತ್ತಿರ ಬಾಡಿಗೆಗೆ ಕೇಳಿದ್ದರೂ ಇದಕ್ಕಿಂತ ಒಳ್ಳೆಯದು ಸಿಗುತ್ತಿತ್ತು.

ಗೋಪುರ ವಾಲಿದ್ದಕ್ಕೆ ಕಾರಣ ಅದಲ್ಲ. ತುದಿ ಕಾಣಲಿ ಅಂತ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದೆ. ಹಾಗೆ ಎತ್ತಿದರೆ ನೆಟ್ಟಗಿನ ಗೆರೆಗಳೆಲ್ಲ ಮೇಲೆ ಹೋಗ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಬಲಗಡೆ ಇದ್ದದ್ದು ಎಡಕ್ಕೆ ಬಾಗುತ್ತದೆ. ಇದು ತಿರುಗಿಸಿದರೆ ಹೋಗುವ ರೋಗವೇ ಅಲ್ಲ. ತಿರುವು ದಿಗಂತಕ್ಕೆ, ಪರ್ಸ್ಪೆಕ್ಟಿವ್ (ಹೀಗೆ ಬಾಗಿದ ಗೆರೆಗಳನ್ನು ನೆಟ್ಟಗೆ ಮಾಡುವ ತಿದ್ದುಪಡಿ) ಗೋಪುರಕ್ಕೆ. ಎರಡೂ ಬೇರೆ ಬೇರೆ ಔಷಧ.

ಎರಡನೇ ರಾತ್ರಿ ಪರ್ಸ್ಪೆಕ್ಟಿವ್ ಮಾಡ್ಯೂಲಿನ ಆಟೋ ಬಟನ್ ಒತ್ತಿದೆ. ಅದು ಹುಡುಕಿ ಹುಡುಕಿ ತೆಂಗಿನಮರವನ್ನು ಹಿಡಿಯಿತು. ನಮ್ಮ ಕಡಲ ಬದಿಯ ತೆಂಗು ಯಾವತ್ತು ನೆಟ್ಟಗೆ ನಿಂತದ್ದುಂಟು? ಮರ ಕಂಬದ ಹಾಗೆ ಆಯಿತು, ಉಳಿದದ್ದೆಲ್ಲ ಜಾರಿತು. ಆಟೋ ಬಿಟ್ಟು, ಗೋಪುರದ ಎರಡು ಅಂಚಿಗೂ ನಾನೇ ಗೆರೆ ಎಳೆದೆ. ಅದು ಇನ್ನೂ ಚಂದ! ಗೋಪುರ ಬುಡದಲ್ಲಿ ಅಗಲ, ಮೇಲೆ ಸಪೂರ. ಸಾಫ್ಟ್‌ವೇರಿಗೆ ಅದು ಗೊತ್ತಿಲ್ಲ. ಎರಡು ಅಂಚನ್ನೂ ಸಮಾನಾಂತರ ಮಾಡಿ ಕಪ್ಪು ಬಿಳಿ ಪಟ್ಟಿಯ ಪಿವಿಸಿ ಪೈಪು ಮಾಡಿ ಕೊಟ್ಟಿತು.

ನಿನ್ನೆ ರಾತ್ರಿ ದಾರಿ ಹೊಳೆಯಿತು. ಅಂಚು ಬೇಡ, ನಡುಗೆರೆ ಸಾಕು. ಬುಡದ ಅಗಲದ ಮಧ್ಯ ಒಂದು ಬಿಂದು, ಮೇಲಿನ ಗ್ಯಾಲರಿಯ ಮಧ್ಯ ಇನ್ನೊಂದು. ತೂಗುಗುಂಡು ಬಿಟ್ಟ ಹಾಗೆ. ತಿರುವನ್ನು 1.3ಕ್ಕೆ ಬಿಟ್ಟು, ಪರದೆಯ ಗೈಡ್ ಗೆರೆ ನೋಡ್ತಾ ವರ್ಟಿಕಲ್ ಸ್ಲೈಡರನ್ನು ಮಾತ್ರ ಸ್ವಲ್ಪ ಸ್ವಲ್ಪ ಜರುಗಿಸಿದೆ. ಎರಡೂ ಬಿಂದು ಒಂದೇ ಗೆರೆಗೆ ಬಂದಾಗ ಗಂಟೆ 12:40. ಆಮೇಲೆ ಸ್ಲೈಡರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದೆ. ಪೂರ್ತಿ ಸರಿಮಾಡಿದರೆ ಗೋಪುರದ ತಲೆ ದಪ್ಪ ಕಾಣುತ್ತದೆ.

ಬೆಲೆ ತೆರಬೇಕಾಯಿತು. 6000×4000 ಪಿಕ್ಸೆಲ್‌ನ ಚಿತ್ರ, ಬರೀ 1.3 ಡಿಗ್ರಿ ತಿರುಗಿಸಿ ಅದೇ ಅನುಪಾತದಲ್ಲಿ ಕತ್ತರಿಸಿದರೆ ಸುಮಾರು 5800×3870. ಪರ್ಸ್ಪೆಕ್ಟಿವ್ ಇನ್ನಷ್ಟು ತಿಂದಿತು. ಗೋಪುರದ ತುದಿಗೂ ಅಂಚಿಗೂ ಈಗ ಒಂದು ಬೆರಳು ಜಾಗ. ಪ್ರಿಂಟ್ ಹಾಕುವವರು ಹೋದ ಸಲ ಕೇಳದೆ ನಾಲ್ಕೂ ಬದಿ ಕತ್ತರಿಸಿದ್ದರು. ಈ ಸಲ 12×18 ಇಂಚಿನ ಫೈಲನ್ನು ನಾನೇ ಮಾಡಿ, "ಮುಟ್ಟಬೇಡಿ" ಅಂತ ಬರೆದು ಕೊಡುತ್ತೇನೆ.

ಮಳೆಗಾಲ ಮುಗಿದು ಮಲ್ಪೆಯಿಂದ ದೋಣಿ ಶುರುವಾದ ಮೇಲೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಜ್ವಾಲಾಮುಖಿ ಕಲ್ಲಿನ ಕಂಬಗಳು ಹುಟ್ಟಾ ಸೊಟ್ಟ. ಗೋಪುರದ ನಡುಗೆರೆ ಅಲ್ಲಿ ಎಲ್ಲಿಂದ ತರೋಣ? ಹತ್ತು ರೂಪಾಯಿಯ ನೂಲಿಗೆ ನಟ್ ಕಟ್ಟಿ ಚೌಕಟ್ಟಿನ ಮೂಲೆಯಲ್ಲಿ ನೇತುಹಾಕುವ ಯೋಚನೆ ಉಂಟು. ನಟ್ ಮನೆಯಲ್ಲೇ ಸಿಕ್ಕಿತು.