ನಮ್ಮ ಭಜನೆಗೆ ನಮಗೇ ಕಾಪಿರೈಟ್ ಹಾಕ್ಯಾರ‍್ರಿ!

ಕಲಬುರಗಿ ಕಡೆ ಯೂಟ್ಯೂಬ್ ಮಾಡುವ ಹುಡುಗರಿಗೆ ಕಾಪಿರೈಟ್ ಅಂದರೆ ಸಾಕು, ಕೈಕಾಲು ಬಿದ್ದುಹೋಗುತ್ತವೆ. ಅದು ತಮಗೂ ಇರುವ ಹಕ್ಕು ಅನ್ನೋದು ಮಾತ್ರ ಒಬ್ಬರ ತಲೆಗೂ ಬರುವುದಿಲ್ಲ. ಸೂಪರ್ ಮಾರ್ಕೆಟ್ ಕಡೆ ನನ್ನದೊಂದು ಸಣ್ಣ ಸ್ಟುಡಿಯೋ ಇದೆ, ಲಗ್ನದ ವಿಡಿಯೋ ಎಡಿಟಿಂಗೇ ಹೊಟ್ಟೆಪಾಡು, ಹಾಗಾಗಿ ಇಂಥ ಪಂಚಾಯಿತಿಯೆಲ್ಲ ನನ್ನ ಅಂಗಡಿಗೇ ಬರುತ್ತದೆ.

ಮೊನ್ನೆ ಬಂದವನು ಜೇವರ್ಗಿ ಕಡೆಯ ಹುಡುಗ. ಊರಿನ ಭಜನಿ ಮಂದಿ ಅಮಾಸಿ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿದ್ದನ್ನು ಮೊಬೈಲಲ್ಲೇ ತೆಗೆದು ಚಾನೆಲ್‌ಗೆ ಹಾಕಿದ್ದ. ಒಂದು ಆಡಿಯೋ ಕಂಪನಿ ಹೆಸರಲ್ಲಿ ಕ್ಲೇಮ್, ಅಂದರೆ ಇದು ನಮ್ಮದು ಅನ್ನುವ ಹಕ್ಕುದಾವೆ, ಬಂದಿತ್ತು. "ಅಣ್ಣಾ, ನಮ್ಮೂರ ಮುದುಕರು ಹಾಡಿದ್ದಕ್ಕ ಇನ್ಯಾರೋ ಕಾಪಿರೈಟ್ ಹಾಕ್ಯಾರ‍್ರಿ. ಡಿಲೀಟ್ ಮಾಡಿಬಿಡ್ಲೇನ್ರಿ?" ಅಂದ. ಕೋರ್ಟು ಗೀರ್ಟು ಆದರೆ ಅಂತ ಭಯ.

ತಡಿಯೋ ತಮ್ಮಾ ಅಂದೆ.

ಒಂದು ಹಾಡಲ್ಲಿ ಒಬ್ಬರದ್ದೇ ಹಕ್ಕು ಇರುವುದಿಲ್ಲ. ಪದ ಕಟ್ಟಿದವರದ್ದು ಬೇರೆ, ರೆಕಾರ್ಡ್ ಮಾಡಿಸಿದವರದ್ದು ಬೇರೆ, ಹಾಡಿದವರದ್ದು ಬೇರೆ. ನಮ್ಮ ದೇಶದ 1957ರ ಕಾಯ್ದೆ ಪ್ರಕಾರ ಪದ ಕಟ್ಟಿದವರ ಹಕ್ಕು ಅವರು ಇರುವ ತನಕ, ಆಮೇಲೆ ಇನ್ನೂ 60 ವರ್ಷ. ಮೊದಲು ಅದು 50 ಇತ್ತು. ಟ್ಯಾಗೋರ್ ತೀರಿಕೊಂಡಿದ್ದು 1941ರಲ್ಲಿ, ಅವರ ಬರವಣಿಗೆಯ ಹಕ್ಕು ಮುಗಿಯುವ ಹೊತ್ತಿಗೆ ಸರ್ಕಾರ 10 ವರ್ಷ ಜಾಸ್ತಿ ಮಾಡಿತು. ನಮ್ಮ ಮಡಿವಾಳಪ್ಪನವರು 19ನೇ ಶತಮಾನದಲ್ಲೇ ಹೋದವರು. ಅವರ ಪದ ಯಾವ ಕಂಪನಿಯ ಆಸ್ತಿಯೂ ಅಲ್ಲ. ಕಂಪನಿಯವರು ಅದೇ ಪದವನ್ನು ತಮ್ಮ ಗಾಯಕರಿಂದ ಹಾಡಿಸಿ ಆಲ್ಬಮ್ ಮಾಡಿದ್ದರೆ ಆ ರೆಕಾರ್ಡಿಂಗ್ ಅವರದ್ದು, ಬಿಡುಗಡೆಯಾದ ಮೇಲೆ 60 ವರ್ಷ ಅವರದ್ದೇ. ಅದನ್ನು ಎತ್ತಿ ಹಾಕಿಕೊಂಡರೆ ತಪ್ಪು. ಊರ ಗುಡಿ ಕಟ್ಟೆ ಮೇಲೆ ಕೂತು ನಮ್ಮ ಮಂದಿ ಹಾಡಿದ್ದು ಅವರದ್ದು ಹೇಗಾಗುತ್ತದೆ?

ಹಾಗಾದರೆ ಕ್ಲೇಮ್ ಬಂದದ್ದು ಹೇಗೆ ಅಂತೀರಾ? ಯೂಟ್ಯೂಬಿನಲ್ಲಿ 2007ರಿಂದ ಕಂಟೆಂಟ್ ಐಡಿ ಅಂತ ಒಂದು ವ್ಯವಸ್ಥೆ ಇದೆ. ಕಂಪನಿಗಳು ತಮ್ಮ ಆಡಿಯೋ ವಿಡಿಯೋ ಅದಕ್ಕೆ ಕೊಟ್ಟಿರುತ್ತವೆ, ನಾವು ಅಪ್‌ಲೋಡ್ ಮಾಡಿದ್ದನ್ನೆಲ್ಲ ಅದು ಹೋಲಿಸಿ ನೋಡುತ್ತದೆ. ದನಿ ಅಷ್ಟೇ ಅಲ್ಲ, ಧಾಟಿ ಹೊಂದಿದರೂ ಹಿಡಿಯುತ್ತದೆ. ತತ್ವಪದದ ಧಾಟಿ ಬಾಯಿಂದ ಬಾಯಿಗೆ ಬಂದದ್ದು, ಹತ್ತು ಊರವರು ಹತ್ತಿರ ಹತ್ತಿರ ಒಂದೇ ಥರ ಹಾಡುತ್ತಾರೆ. ಇಲ್ಲೂ ಅದೇ ಆಗಿರಬೇಕು. ಮಷಿನ್‌ಗೆ ಮಡಿವಾಳಪ್ಪ ಯಾರು ಅಂತ ಏನು ಗೊತ್ತು ಪಾಪ.

ಮತ್ತೆ ಕ್ಲೇಮ್ ಬಂದರೆ ಚಾನೆಲ್ ಹೋಗುವುದಿಲ್ಲ ಮಾರಾಯರೇ. ಬರುವ ಜಾಹೀರಾತಿನ ದುಡ್ಡು ಅವರಿಗೆ ಹೋಗಬಹುದು, ಇಲ್ಲಾ ವಿಡಿಯೋ ಬ್ಲಾಕ್ ಆಗಬಹುದು. ಚಾನೆಲ್‌ಗೆ ಕುತ್ತು ಬರುವುದು, ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳುವ ಸ್ಟ್ರೈಕ್‌ನಿಂದ, 90 ದಿನದೊಳಗೆ ಮೂರು ಬಿದ್ದರೆ. ಕ್ಲೇಮ್ ತಪ್ಪು ಅನಿಸಿದರೆ ತಕರಾರು, ಅಂದರೆ ಡಿಸ್‌ಪ್ಯೂಟ್ ಹಾಕಬೇಕು, 30 ದಿನದೊಳಗೆ ಅವರು ಉತ್ತರ ಕೊಡದಿದ್ದರೆ ಕ್ಲೇಮ್ ತಾನೇ ಬಿಟ್ಟುಹೋಗುತ್ತದೆ. ನಮ್ಮವರು ಇದನ್ನು ಮಾಡುವುದೇ ಇಲ್ಲ. ಸುಮ್ನೆ ಡಿಲೀಟ್ ಹೊಡೆಯುತ್ತಾರೆ.

ಹಾಗಂತ ನಮ್ಮ ಹುಡುಗರೇನೂ ಸಾಚಾ ಅಲ್ಲ. ಹತ್ತು ಸೆಕೆಂಡ್ ಹಾಕಿದರೆ ನಡೀತದ, ಕೆಳಗೆ ಕ್ರೆಡಿಟ್ ಬರೆದರೆ ನಡೀತದ ಅಂತ ಸಿನಿಮಾ ಹಾಡು ಹಾಕುತ್ತಲೇ ಇರುತ್ತಾರೆ. ಸೆಕೆಂಡ್ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಲಗ್ನದ ಮನೆಯವರು ಕೇಳುವುದೂ ಇದನ್ನೇ. ಮೆರವಣಿಗೆಯಲ್ಲಿ, ಮಂಟಪದಲ್ಲಿ ಹಾಡು ಹಾಕಲು ಯಾರ ಅಪ್ಪಣೆಯೂ ಬೇಡ, ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ಇದೆ, 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತೊಮ್ಮೆ ಹೇಳಿತು ಕೂಡ. ಆದರೆ ಅದೇ ಹಾಡಿರುವ ವಿಡಿಯೋವನ್ನು ನೆಟ್‌ಗೆ ಹಾಕುವುದು ಬೇರೆ ಮಾತು. ಮ್ಯೂಟ್ ಆಯ್ತು ಅಂತ ನನ್ನ ಮೇಲೆ ರೇಗಬೇಡಿ.

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ನಮ್ಮ ಮಾತಲ್ಲಿ ಕಾಮಿಡಿ ಮಾಡುವ ಹುಡುಗರು ಬಿಸಿಲಲ್ಲಿ ಬೆವರು ಸುರಿಸಿ ಶೂಟ್ ಮಾಡಿರುತ್ತಾರೆ. ಯಾವುದೋ ಫೇಸ್‌ಬುಕ್ ಪೇಜಿನವರು ಅದರ ಲೋಗೋ ಕತ್ತರಿಸಿ, ಎಡಬಲ ತಿರುಗಿಸಿ ಹಾಕಿ ಲಕ್ಷಗಟ್ಟಲೆ ವ್ಯೂಸ್ ತಿನ್ನುತ್ತಾರೆ. ಇವರು "ಇರಲಿ ಬಿಡ್ರಿ ಅಣ್ಣಾ, ವೈರಲ್ ಆಯ್ತಲ್ಲ" ಅಂತಾರೆ! ವಿಡಿಯೋ ಮಾಡಿದ ಕ್ಷಣದಿಂದಲೇ ಕಾಪಿರೈಟ್ ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ, ವಕೀಲರು ಬೇಡ, ಫೇಸ್‌ಬುಕ್ಕಿನಲ್ಲೇ ಇರುವ ಫಾರ್ಮ್ ತುಂಬಿದರೆ ದೂರು ಹೋಗುತ್ತದೆ. ನಮ್ಮ ಭಜನಿಯವರು ನಡುವೆ ಒಂದು ನುಡಿ ಮರೆತರೂ ಕೊನೆಯ ಅಂಕಿತದ ನುಡಿ ಬಿಡುವುದಿಲ್ಲ. ಯಾರ ಪದ ಅಂತ ಗೊತ್ತಾಗಬೇಕಲ್ವಾ. ಓದು ಬರಹ ಇಲ್ಲದ ಮಂದಿ ಪಾಲಿಸಿಕೊಂಡು ಬಂದದ್ದನ್ನು ಈ ಪೇಜಿನವರಿಗೆ ಪಾಲಿಸಲು ಆಗುವುದಿಲ್ಲ.

ಇರಲಿ. ಹುಡುಗನ ಕೈಯಲ್ಲಿ ಡಿಸ್‌ಪ್ಯೂಟ್ ಹಾಕಿಸಿದೆ. ಆಮೇಲೆ ಕೇಳಿದೆ, ಹಾಡಿದವರನ್ನು ಕೇಳಿ ಹಾಕಿದ್ಯೇನೋ?

"ಅವರಿಗೇನ್ ಕೇಳೂದ್ರಿ, ಅವರಿಗೆ ಯೂಟ್ಯೂಬೇ ಗೊತ್ತಿಲ್ಲ."

ಗೊತ್ತಿಲ್ಲದಿದ್ದರೆ ಹಕ್ಕು ಇರುವುದಿಲ್ಲವೇ? ಹಾಡುವವರು, ಬಾರಿಸುವವರು, ಕುಣಿಯುವವರಿಗೆಲ್ಲ 1994ರಿಂದ ಕಾಯ್ದೆಯಲ್ಲಿ ಹಕ್ಕಿದೆ, ಈಗ ಅದು 50 ವರ್ಷದ್ದು. ಆ ಪಟ್ಟಿಯಲ್ಲಿ ಹಾವಾಡಿಗರ ಹೆಸರೂ ಇದೆ, ನಿಜವಾಗಲೂ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಂಚಿದರೆ ಕಂಪನಿ ಮಾಡಿದರೂ ತಪ್ಪು, ನಮ್ಮ ತಮ್ಮ ಮಾಡಿದರೂ ತಪ್ಪು. ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಹಾಡಿದವರು ಯಾರು, ಏಕತಾರಿ ಯಾರದ್ದು, ದಮ್ಮಡಿ ಯಾರದ್ದು, ಚಾನೆಲ್‌ಗೆ ಹಾಕಲು ಒಪ್ಪಿಗೆ ಇದೆಯಾ, ದುಡ್ಡು ಬಂದರೆ ಅರ್ಧ ಭಜನಿ ಮೇಳಕ್ಕೆ. ಅರ್ಧ ಅಂದದ್ದಕ್ಕೆ ಮುಖ ಸಣ್ಣದು ಮಾಡಿದ. ಮುಂದಿನ ಅಮಾಸಿಗೆ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರ್ತೀನ್ರಿ ಅಂತ ಹೇಳಿ ಹೋಗಿದ್ದಾನೆ.